ಮಂಡಯಿಯ ಗೋಡೆಯ ಮೇಲಣ ಹೆಸರು

 

ಉತ್ಸವದ ವರುಷ ಬಂದಿತೆಂದರೆ ಮಠಗಳಲ್ಲಿ ಕಲ್ಲುಕುಟಿಗನ ಕೈಗೆ ಬಿಡುವಿಲ್ಲ. ಅಸ್ತಿಭಾರವನ್ನಿಟ್ಟವರ ಹೆಸರು, ಧನಸಹಾಯ ಮಾಡಿದವರ ಹೆಸರು, ಬಾಗಿಲು ತೆರೆದ ಅಧಿಕಾರಿಗಳ ಹೆಸರು, ಹೀಗೆ ಹೆಸರುಗಳ ಮೇಲೆ ಹೆಸರುಗಳು ಗೋಡೆಯನ್ನೇರುತ್ತವೆ. ಕೊಟ್ಟವರನ್ನು ಮರೆಯದಿರುವುದು ಧರ್ಮವೇ ಆಗಿರುವುದರಿಂದ ಇದರಲ್ಲಿ ದೋಷವೇನೂ ಇಲ್ಲ. ಆದರೆ ಗೋಡೆಯ ಮೇಲಣ ಹೆಸರು ಎಲ್ಲೆಡೆಯೂ ಒಂದೇ ಮಾತನ್ನು ಹೇಳುವುದಿಲ್ಲ. ಈ ಕಟ್ಟಡವನ್ನು ಇಂಥವರು ಕಟ್ಟಿಸಿದರು ಎನ್ನುವ ಹೆಸರುಗಳುಂಟು. ಇಲ್ಲಿ ಇಂಥವರು ಬಾಳಿದರು ಎನ್ನುವ ಹೆಸರುಗಳುಂಟು. ಈ ಕಟ್ಟಡವನ್ನು ಕಟ್ಟಬೇಡಿರೆಂದು ಸಭೆಯಲ್ಲಿ ಎದ್ದು ಹೇಳಿದವರ ಹೆಸರೇ ಆ ಕಟ್ಟಡದ ಗೋಡೆಯ ಮೇಲೆ ಬರುವುದು ಮಾತ್ರ ಬಲು ಅಪೂರ್ವವಾದುದು. ಅಂಥದೊಂದು ಪುಣೆಯ ಪಟ್ಟಣದಲ್ಲಿರುವುದು. ಅದರ ವೃತ್ತಾಂತವೇ ಈ ಭಾಷಣದ ವಿಷಯ.

ಪುಣೆಗೆ ಹೋಗಿಬಂದವರಲ್ಲಿ ಶುಕ್ರವಾರ ಪೇಟೆಯ ದೊಡ್ಡ ಕಾಯಿಪಲ್ಯದ ಪೇಟೆಯನ್ನು ನೋಡದವರು ವಿರಳ. ಕರಿಯ ಕಲ್ಲಿನ ಕಟ್ಟಡ. ನಡುವೆ ಎಂಟು ಮೂಲೆಯ ಎತ್ತರವಾದ ಗೋಪುರ. ಆ ಗೋಪುರದಿಂದ ಸುತ್ತಲೂ ಚಾಚಿಕೊಂಡ ಉದ್ದುದ್ದನ್ನ ಪಡಸಾಲೆಗಳು. ದೂರದಿಂದ ನೋಡಿದವರಿಗೆ ಇದು ಕ್ರೈಸ್ತರ ದೇವಾಲಯವೋ ಎಂಬ ಭ್ರಾಂತಿಯುಂಟಾಗುವುದು. ವಿಲಾಯತಿಯ ಗಾಥಿಕ್ ಪದ್ಧತಿಯ ಕಮಾನುಗಳು ಹಾಗೆ ಇವೆ. ಒಳಹೊಕ್ಕರೆ ಮೆಂತೆಯ ಸಿವುಡು, ಬದನೆಯ ರಾಶಿ, ಹಸಿಮೆಣಸಿನಕಾಯಿಯ ಬುಟ್ಟಿ, ಎತ್ತರದ ಕಟ್ಟೆಗಳ ಮೇಲೆ ತಕ್ಕಡಿ ಹಿಡಿದು ಕುಳಿತ ಹೆಂಗಸರು ಗಂಡಸರು. ಭ್ರಾಂತಿ ಕೂಡಲೆ ಹಾರಿಹೋಗುವುದು. ಕರ್ನಲ್ ವಾಲ್ಟರ್ ಡ್ಯುಕಟ್ ಎಂಬ ಇಂಜಿನಿಯರರ ಕಲ್ಪನೆಯಂತೆ ವಾಸುದೇವ ಬಾಪೂಜಿ ಕಾನಿಟಕರ ಎಂಬ ಹೆಸರಾದ ಗುತ್ತಿಗೆದಾರರು ಇದನ್ನು ಕಟ್ಟಿದರು. 1886ರಲ್ಲಿ ಇದರ ಪ್ರಾರಂಭವಾಯಿತು. ಆ ಕಾಲದಲ್ಲಿ ಮುಂಬಯಿ ಇಲಾಖೆಯ ಗವರ್ನರರಾಗಿದ್ದ ಲಾರ್ಡ್ ರೇ ಸಾಹೇಬರ ಹೆಸರನ್ನು ಇದಕ್ಕಿಟ್ಟು ‘ರೇ ಮಾರ್ಕೆಟ್’ ಎಂದು ಕರೆದರು. ಇಂದು ಅದರ ಹೆಸರು ‘ಮಹಾತ್ಮಾ ಫುಲೆ ಮಂಡಯಿ’. ಮಂಡಯಿ ಎಂದರೆ ಮರಾಠಿಯಲ್ಲಿ ಕಾಯಿಪಲ್ಯದ ಪೇಟೆ.

ಈ ಎರಡು ಹೆಸರುಗಳ ನಡುವೆ ಅರ್ಧ ಶತಮಾನದ ಅಂತರವಿದೆ. ಆ ಅಂತರದಲ್ಲಿ ನಡೆದುದನ್ನು ತಿಳಿಯಬೇಕಾದರೆ ಮೊದಲು ಆ ಕಟ್ಟಡ ಏಕೆ ಬೇಕಾಯಿತು, ಯಾರು ಏಕೆ ಬೇಡವೆಂದರು ಎಂಬುದನ್ನು ನೋಡಬೇಕು.

ಅದಕ್ಕೆ ಹಿಂದೆ ಪುಣೆಯ ಕಾಯಿಪಲ್ಯದ ಸಂತೆಯು ಶನಿವಾರವಾಡದ ಮುಂದಣ ಬಯಲಿನಲ್ಲಿ ನೆರೆಯುತ್ತಿದ್ದಿತು. ಪೇಶವೆಯರ ಅರಮನೆಯು 1828ರಲ್ಲಿ ಬೆಂಕಿಗೆ ಆಹುತಿಯಾಗಿ ಹೊರಗೋಡೆಗಳಷ್ಟೇ ಉಳಿದುವು. ಒಂದು ಕಾಲಕ್ಕೆ ರಾಹುತರು ನಿಲ್ಲುತ್ತಿದ್ದ ಬಯಲಿನಲ್ಲಿ ತೋಟಗಾರರು ಬುಟ್ಟಿಗಳನ್ನಿಳಿಸಿದರು. ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಧೂಳು, ಎಲ್ಲ ಕಾಲಕ್ಕೂ ಕೊಳೆತ ಸೊಪ್ಪಿನ ನಾತ. ಊರಿನ ಮುನಿಸಿಪಾಲಿಟಿಯವರು ಮಾಡು ಹೊದಿಸಿದ ಪೇಟೆಯೊಂದನ್ನು ಕಟ್ಟಬೇಕೆಂದು ಯೋಚಿಸಿದುದು ಅನ್ಯಾಯವೇನೂ ಅಲ್ಲ. ಅದರ ವೆಚ್ಚ ಸುಮಾರು ಮೂರು ಲಕ್ಷ ರೂಪಾಯಿ. ಇಲ್ಲಿಯೇ ವಾದ ಹುಟ್ಟಿತು. ಜ್ಯೋತಿರಾವ ಗೋವಿಂದರಾವ ಫುಲೆಯವರೂ ಅವರ ಮಿತ್ರರಾದ ಹರಿ ರಾವಜಿ ಚಿಪಳೂಣಕರರೂ ಇದಕ್ಕೆ ಅಡ್ಡಬಂದರು. ಇಷ್ಟು ಹಣವನ್ನು ಕಲ್ಲಿನ ಕಟ್ಟಡಕ್ಕೆ ಸುರಿಯುವುದಕ್ಕಿಂತ ಊರಿನ ಬಡಮಕ್ಕಳ ವಿದ್ಯೆಗೆ ವಿನಿಯೋಗಿಸಿರಿ ಎಂಬುದು ಅವರ ಮಾತು. ಬಹುಮತವು ಅವರ ಕಡೆಗೆ ಇರಲಿಲ್ಲ. ಪೇಟೆಯನ್ನು ಕಟ್ಟಲಾಯಿತು.

ಬೇಡವೆಂದವರು ಯಾರೆಂಬುದನ್ನು ವಿಚಾರಿಸಿದರೆ ಈ ವಿರೋಧದ ತೂಕ ಗೊತ್ತಾಗುವುದು. ಫುಲೆಯವರು ಹುಟ್ಟಿದುದು 1827ರಲ್ಲಿ, ಮಾಳಿ ಜಾತಿಯಲ್ಲಿ. ಮಾಳಿಗಳೆಂದರೆ ಹೂವು ಕಾಯಿಪಲ್ಯ ಬೆಳೆದು ಮಾರುವವರು. ಅವರ ಮನೆತನದ ಹಿಂದಿನ ಅಡ್ಡಹೆಸರು ಗೋರ್ಹೆ. ಪೇಶವೆಯರ ಅರಮನೆಗೆ ಹೂವು ಒದಗಿಸುತ್ತಿದ್ದುದರಿಂದ ಫುಲೆ ಎಂಬ ಹೆಸರು ಬಂದಿತು. ಅಂದರೆ ಕಾಯಿಪಲ್ಯದ ಪೇಟೆಯನ್ನು ಕಟ್ಟಬೇಡಿರೆಂದವರು ಕಾಯಿಪಲ್ಯ ತಿನ್ನುವ ಮನೆಯವರಲ್ಲ, ಬೆಳೆಯುವ ಮನೆಯವರು. ಮಳೆಯಲ್ಲಿ ನೆನೆಯುತ್ತ ಬುಟ್ಟಿಯ ಮುಂದೆ ಕುಳಿತುಕೊಳ್ಳುವ ಕಷ್ಟವು ಆ ಸಭೆಯಲ್ಲಿ ಯಾರಿಗಾದರೂ ತಿಳಿದಿದ್ದರೆ ಅವರಿಗೇ ಹೆಚ್ಚಾಗಿ ತಿಳಿದಿರಬೇಕು. ಬೆಳೆಗಾರನ ತಲೆಯ ಮೇಲೆ ಮಾಡು ಬೇಡವೆಂಬುದು ಅವರ ಅಭಿಪ್ರಾಯವಾಗಿರಲು ಕಾರಣವಿಲ್ಲ. ಹಣವು ಒಂದೇ ಚೀಲದಲ್ಲಿರುವಾಗ ಬೆಳೆಗಾರನ ಮಗನ ಕೈಗೆ ಮೊದಲು ಏನು ಕೊಡಬೇಕೆಂಬುದೇ ಪ್ರಶ್ನೆ.

ಫುಲೆಯವರು 1876ರಲ್ಲಿ ಪುಣೆಯ ಮುನಿಸಿಪಾಲಿಟಿಗೆ ಸದಸ್ಯರಾಗಿ ನೇಮಕವಾದರು. ಆಗ ಈಗಿನಂತೆ ಚುನಾವಣೆಗಳಿರಲಿಲ್ಲ. ಸರಕಾರವು ಗಣ್ಯರನ್ನು ಆರಿಸಿ ಕೂಡಿಸುತ್ತಿದ್ದಿತು. ಹೀಗೆ ಕೂಡಿಸಲ್ಪಟ್ಟವರು ಸರಕಾರದ ಮಾತಿಗೆ ತಲೆದೂಗುವುದು ಸಹಜವೆಂದು ಎಲ್ಲರೂ ಎಣಿಸಿದ್ದರು. ವೈಸರಾಯರು ಪುಣೆಗೆ ಬರುವ ಸಂದರ್ಭದಲ್ಲಿ ಸ್ವಾಗತದ ಅಲಂಕಾರಕ್ಕೆ ಒಂದು ಸಾವಿರ ರೂಪಾಯಿ ವೆಚ್ಚಮಾಡಬೇಕೆಂಬ ಸೂಚನೆ ಬಂದಿತು. ಮೂವತ್ತೆರಡು ಜನ ಸದಸ್ಯರಲ್ಲಿ ಬೇಡವೆಂದವರು ಒಬ್ಬರೇ, ಫುಲೆಯವರು. ಆ ಹಣ ಬಡವರ ವಿದ್ಯೆಗೆ ಹೋಗಲಿ ಎಂಬುದು ಅಲ್ಲಿಯೂ ಅವರ ಹಟ. ಸೆರೆಯಂಗಡಿಗಳಿಗೆ ಹೊಸದಾಗಿ ಅಪ್ಪಣೆ ಕೊಡುವುದನ್ನು ವಿರೋಧಿಸಿ 1880ರಲ್ಲಿ ಕಾಗದ ಬರೆದರು. ಪೇಟೆಯ ವಿಷಯದಲ್ಲಿ ಅವರು ಆಡಿದ ಮಾತು ಆ ಹೊತ್ತಿನ ಚಪಲವಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು. ಸಾವಿರ ರೂಪಾಯಿಗೂ ಅದೇ ಮಾತು, ಮೂರು ಲಕ್ಷಕ್ಕೂ ಅದೇ ಮಾತು.

ಅವರು ಮುನಿಸಿಪಾಲಿಟಿಯನ್ನು ಸೇರಿದ ವರುಷವೇ ಘೋರವಾದ ಬರಗಾಲವೂ ಬಂದಿತು. 1876ರಿಂದ 1878ರವರೆಗಿನ ಆ ಬರವು ಪುಣೆ ಸೋಲಾಪುರಗಳನ್ನು ಹೇಗೋ ಹಾಗೆಯೇ ಕನ್ನಡದ ವಿಜಾಪುರ, ಧಾರವಾಡ, ಬೆಳಗಾವಿ ಸೀಮೆಗಳನ್ನೂ ಬಳ್ಳಾರಿಯನ್ನೂ ಮೈಸೂರನ್ನೂ ಸುಟ್ಟಿತು. ಆ ಬರದ ಭೀಕರ ಕಥೆಗಳು ಈ ಭಾಗದ ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿದ್ದುವು. ಫುಲೆ ದಂಪತಿಗಳೂ ಅವರ ಸತ್ಯಶೋಧಕ ಸಮಾಜದವರೂ ಪುಣೆಯ ಹತ್ತಿರದ ಧನಕವಡಿಯಲ್ಲಿ ಹಸಿದ ಮಕ್ಕಳಿಗಾಗಿ ಅನ್ನಛತ್ರವನ್ನು ತೆರೆದರು. 1877ರ ಮೇ ತಿಂಗಳಲ್ಲಿ ಫುಲೆಯವರು ಅದಕ್ಕೆ ನೆರವು ಬೇಡಿ ಪ್ರಕಟನೆ ಕೊಟ್ಟರು. ದಾಸೋಹದ ಅರ್ಥವನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಉಣ್ಣಿಸುವ ಕೈ ಹಾಗೂ ಕಲಿಸುವ ಕೈ ಬೇರೆಬೇರೆಯಲ್ಲವೆಂಬುದು ಆ ದಂಪತಿಗಳ ನಡೆಯಲ್ಲಿ ಕಾಣುವುದು.

ಅವರ ವಾದದ ಪೂರ್ಣರೂಪವು ಪೇಟೆಯ ಚರ್ಚೆಯಲ್ಲಿ ಅಲ್ಲ, ಬೇರೊಂದು ಕಡೆ ದೊರೆಯುವುದು. ವಿದ್ಯಾಭ್ಯಾಸದ ಸ್ಥಿತಿಗತಿಗಳನ್ನು ಪರಿಶೀಲಿಸಲು ಸರಕಾರವು ಹಂಟರ್ ಎಂಬವರ ಅಧ್ಯಕ್ಷತೆಯಲ್ಲಿ ಕಮಿಷನ್ನೊಂದನ್ನು ನೇಮಿಸಿತು. ಅದಕ್ಕೆ ಫುಲೆಯವರು 1882ರ ಅಕ್ಟೋಬರ 19ರಂದು ಒಂದು ಮನವಿಯನ್ನು ಸಲ್ಲಿಸಿದರು. ಅದರ ಕೊನೆಯಲ್ಲಿ ಸಹಿ ಮಾಡುವಾಗ ಅವರು ತಮ್ಮನ್ನು ವರ್ತಕ, ಒಕ್ಕಲಿಗ, ಮುನಿಸಿಪಲ್ ಕಮಿಷನರ ಎಂಬ ಮೂರು ಮಾತುಗಳಿಂದ ಕರೆದುಕೊಂಡಿರುವರು. ವಿಳಾಸ, ಜುನಾ ಗಂಜಪೇಟೆ. ಮೂರೂ ನಿಜವಾಗಿದ್ದುವು. ಅವರು ಗುತ್ತಿಗೆಯ ವ್ಯಾಪಾರ ಮಾಡುತ್ತಿದ್ದರು, ಹೊಲವನ್ನು ಸಾಗಿಸುತ್ತಿದ್ದರು, ಸಭೆಯಲ್ಲಿ ಕೂಡ್ರುತ್ತಿದ್ದರು.

ಆ ಮನವಿಯ ಸಾರವನ್ನು ಸಂಗ್ರಹಿಸಿ ಹೇಳುವುದಾದರೆ, ಸರಕಾರದ ಬೊಕ್ಕಸ ತುಂಬುವುದು ರೈತನ ಬೆವರಿನಿಂದ; ಆದರೆ ಆ ಬೊಕ್ಕಸದಿಂದ ವಿದ್ಯೆಗೆಂದು ಹೊರಡುವ ಹಣವು ಮೇಲಿನ ತರಗತಿಯವರ ಉನ್ನತ ವಿದ್ಯೆಗೆ ಹೋಗುತ್ತದೆ; ಕೊಡುವವನಿಗೆ ಮರಳಿ ಏನೂ ಬರುವುದಿಲ್ಲ. ಆದುದರಿಂದ ಹನ್ನೆರಡು ವರುಷದವರೆಗಾದರೂ ಪ್ರಾಥಮಿಕ ವಿದ್ಯೆಯನ್ನು ಕಡ್ಡಾಯಮಾಡಬೇಕು. ಸ್ಥಳಿಕ ಕರದ ಅರ್ಧ ಭಾಗವನ್ನು ಪ್ರಾಥಮಿಕ ಶಾಲೆಗಳಿಗೇ ಮೀಸಲಿಡಬೇಕು. ದೊಡ್ಡ ಊರುಗಳ ಮುನಿಸಿಪಾಲಿಟಿಗಳು ತಮ್ಮ ಎಲ್ಲೆಯೊಳಗಿನ ಪ್ರಾಥಮಿಕ ಶಾಲೆಗಳ ವೆಚ್ಚವನ್ನು ತಾವೇ ಹೊರಬೇಕು. ಮಾಸ್ತರರು ಸಾಧ್ಯವಾದ ಮಟ್ಟಿಗೆ ದುಡಿಯುವ ಕುಲಗಳಿಂದ ಬಂದವರಾಗಿರಬೇಕು. ಅಗತ್ಯ ಬಿದ್ದರೆ ನೇಗಿಲ ಮೇಣಿ ಹಿಡಿಯಲೂ ಬಡಿಗನ ಬಾಚಿ ಹಿಡಿಯಲೂ ನಾಚದವರಾಗಿರಬೇಕು. ಅವರಿಗೆ ತಿಂಗಳಿಗೆ ಹನ್ನೆರಡು ರೂಪಾಯಿಗಿಂತ ಕಡಿಮೆ ಸಂಬಳ ಸಲ್ಲದು. ದೊಡ್ಡ ಹಳ್ಳಿಗಳಲ್ಲಿ ಹದಿನೈದು ಇಪ್ಪತ್ತು ರೂಪಾಯಿ ಕೊಡಬೇಕು. ಮಕ್ಕಳಿಗೆ ಮೋಡಿ ಬಾಲಬೋಧ ಲಿಪಿಗಳು, ಲೆಕ್ಕ, ಸ್ವಲ್ಪ ಇತಿಹಾಸ, ಭೂಗೋಲ, ವ್ಯಾಕರಣ, ಒಕ್ಕಲುತನದ ಮೊದಲ ಪಾಠ, ನೀತಿ ಹಾಗೂ ಆರೋಗ್ಯದ ಕೆಲವು ಪಾಠಗಳು ಸಾಕು. ಬರಹ ಲೆಕ್ಕಗಳ ಜತೆಗೆ ಒಕ್ಕಲುತನವನ್ನು ಇಟ್ಟುದು ಆ ಕಾಲಕ್ಕೆ ಹೊಸ ಮಾತು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡುವುದು ತಪ್ಪಾಗಲಾರದು. ಫುಲೆಯವರು ಕೇಳಿದ ಕನಿಷ್ಠ ಸಂಬಳ ತಿಂಗಳಿಗೆ ಹನ್ನೆರಡು, ವರುಷಕ್ಕೆ ನೂರಾ ನಲವತ್ತನಾಲ್ಕು ರೂಪಾಯಿ. ಮೂರು ಲಕ್ಷವನ್ನು ಇದರಿಂದ ಭಾಗಿಸಿದರೆ ಎರಡು ಸಾವಿರದ ಎಂಬತ್ತಕ್ಕಿಂತ ಹೆಚ್ಚು ಮಾಸ್ತರರ ಒಂದು ವರುಷದ ಸಂಬಳವಾಗುವುದು. ವೆಚ್ಚಮಾಡದೆ ಗಂಟನ್ನು ಹಾಗೆಯೇ ಇಟ್ಟು ನೂರಕ್ಕೆ ಐದರಂತೆ ಬಡ್ಡಿ ತಂದರೆ ವರುಷಕ್ಕೆ ಹದಿನೈದು ಸಾವಿರ; ಅಷ್ಟರಿಂದ ನೂರಾ ನಾಲ್ಕು ಜನ ಮಾಸ್ತರರನ್ನು ಗಂಟು ಕರಗಿಸದೆ ವರುಷ ವರುಷವೂ ಸಾಕಬಹುದಾಗಿದ್ದಿತು. ಬಡ್ಡಿಯ ದರವು ಇಲ್ಲಿ ಕೇವಲ ಉದಾಹರಣೆಗೆ ಹಿಡಿದುದು. ಆದರೆ ಆ ಸಭೆಯಲ್ಲಿ ಅವರ ಕಣ್ಣ ಮುಂದೆ ಇದ್ದುದು ಇಂಥದೊಂದು ಲೆಕ್ಕವೇ ಇರಬೇಕು. ವರ್ತಕನು ಕಟ್ಟಡವನ್ನು ನೋಡುವಾಗ ಕಲ್ಲನ್ನು ನೋಡುವುದಿಲ್ಲ, ಬಂಡವಾಳವನ್ನು ನೋಡುತ್ತಾನೆ.

ಇನ್ನೊಂದು ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಆ ಪೇಟೆಯು ನೂರಾ ಮೂವತ್ತು ವರುಷಗಳಿಗಿಂತ ಹೆಚ್ಚು ಕಾಲ ಒಂದು ದೊಡ್ಡ ಪಟ್ಟಣಕ್ಕೆ ಉಣಲಿಕ್ಕಿರುವುದು. ಎಷ್ಟೋ ಸಂಸಾರಗಳು ತಲೆಮಾರುಗಳಿಂದ ಅದರ ಕಟ್ಟೆಗಳ ಮೇಲೆ ಕುಳಿತು ಬದುಕಿರುವುವು. ಯಾರ ಹೆಸರನ್ನು ಮೊದಲು ಅದಕ್ಕಿಟ್ಟರೋ ಆ ರೇ ಸಾಹೇಬರೂ ವಿದ್ಯೆಯ ವಿರೋಧಿಗಳಾಗಿರಲಿಲ್ಲ. 1885ರಿಂದ 1890ರವರೆಗೆ ಮುಂಬಯಿ ಇಲಾಖೆಯನ್ನು ಆಳಿ ಸ್ವದೇಶಕ್ಕೆ ಮರಳಿದ ತರುವಾಯ ಅವರು ಲಂಡನ್ ಪಟ್ಟಣದ ಶಾಲಾಮಂಡಲಿಯ ಅಧ್ಯಕ್ಷರಾಗಿ ಹಲವು ವರುಷ ದುಡಿದರು. ಬ್ರಿಟಿಷ್ ಅಕ್ಯಾಡೆಮಿ ಎಂಬ ವಿದ್ವತ್ಸಂಸ್ಥೆಗೆ ಮೊದಲನೆಯ ಅಧ್ಯಕ್ಷರೂ ಅವರೇ. ವಿದ್ಯೆಗಾಗಿ ದುಡಿದವರ ಹೆಸರು ಪೇಟೆಗೆ ಬಂದುದು ಇದು ಎರಡನೆಯ ಸಲವಲ್ಲ, ಮೊದಲನೆಯ ಸಲವೂ ಹಾಗೆಯೇ ಆಗಿದ್ದಿತು ಎಂಬುದು ವಿನೋದದ ಸಂಗತಿ.

ರೇ ಸಾಹೇಬರ ಆಳಿಕೆಯಲ್ಲಿ ಪುಣೆಯಂತೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಇದ್ದುವು. ಆಗ ಕನ್ನಡ ಸೀಮೆಯ ತರುಣನು ಉನ್ನತ ವಿದ್ಯೆ ಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿದ್ದಿತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದುದು 1917ರಲ್ಲಿ. ಪುಣೆಯಲ್ಲಿ ಪೇಟೆಯ ಕೆಲಸ ನಡೆದಿದ್ದ ದಿವಸಗಳಲ್ಲಿಯೇ, 1883ರಲ್ಲಿ, ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ದಪ್ಪನವರೂ ಅರಟಾಳ ರುದ್ರಗೌಡರೂ ಮೊದಲಾದ ಮಹನೀಯರು ವಿದ್ಯಾಭಿವೃದ್ಧಿಗಾಗಿ ಸಂಸ್ಥೆಯೊಂದನ್ನು ಹುಟ್ಟಿಸಿ ನಿಧಿ ಕೂಡಿಸತೊಡಗಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಶಿರಸಂಗಿಯ ಲಿಂಗರಾಜರು ತಮ್ಮ ದೇಸಗತಿಯ ಆಸ್ತಿಯನ್ನೇ ವಿದ್ಯೆಗೆ ಬಿಟ್ಟುಹೋದರು. ಇವರಲ್ಲಿ ಯಾರೂ ಫುಲೆಯವರ ಮಾತನ್ನು ಕೇಳಿ ಹಾಗೆ ಮಾಡಿದವರೆಂದು ಹೇಳಲು ಆಧಾರವಿಲ್ಲ, ಹೇಳುವ ಅಗತ್ಯವೂ ಇಲ್ಲ. ಒಂದೇ ಬರದಲ್ಲಿ ಬೆಂದ ಸೀಮೆಗಳಲ್ಲಿ ಒಂದೇ ಹಸಿವು ಬೇರೆಬೇರೆ ಕಡೆ ಎಚ್ಚರಗೊಂಡಿತೆಂದಿಷ್ಟೇ ತಿಳಿಯತಕ್ಕುದು. ಸ್ಥಾವರವಾವುದು ಜಂಗಮವಾವುದು ಎಂಬ ವಿವೇಕವು ಹನ್ನೆರಡನೆಯ ಶತಮಾನದಿಂದ ಬಂದ ಸಭೆಯಲ್ಲಿ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಆದರೂ ಉತ್ಸವದ ನಿಧಿಯು ಯಾವ ಕಡೆಗೆ ಎಷ್ಟು ಹೋಗಬೇಕೆಂಬ ಮಾತು ಈ ದಿವಸಗಳಲ್ಲಿ ಪಂಚರ ಮುಂದೆ ಬಾರದೆ ಇರದು. ಹೊಸ ಮಹಾದ್ವಾರವೂ ಬೇಕು, ಪ್ರಸಾದನಿಲಯಕ್ಕೆ ಇನ್ನೂ ನೂರು ಮಕ್ಕಳೂ ಬೇಕು. ಆ ಹೊತ್ತಿಗೆ ಸಭೆಯಲ್ಲಿ ಒಬ್ಬರಾದರೂ ಎದ್ದು ಬೇಡವೆಂದರೆ ಅವರನ್ನು ಮಠದ ವೈರಿಯೆಂದು ತಿಳಿಯದಿದ್ದರೆ ಸಾಕು.

ಪುಣೆಯಲ್ಲಿ ಹಾಗೆ ತಿಳಿದವರು ಬಹಳ ಜನರಿದ್ದರು. ಪೇಟೆ ತೆರೆದ ಎರಡು ವರುಷಕ್ಕೆ, 1888ರ ಮಾರ್ಚಿ ತಿಂಗಳಲ್ಲಿ, ಅದೇ ಹರಿ ರಾವಜಿ ಚಿಪಳೂಣಕರರು ರಾಣಿಯ ಮಗನಾದ ಡ್ಯೂಕ್ ಆಫ್ ಕನಾಟರಿಗೆ ಔತಣವಿತ್ತರು. ರತ್ನಾಭರಣಗಳು, ಜರತಾರಿ ಪೇಟಗಳು ಮೆರೆಯುವ ಆ ಸಭೆಗೆ ಫುಲೆಯವರು ಒಕ್ಕಲಿಗನ ಉಡುಪಿನಲ್ಲಿ ಬಂದರು. ಎದ್ದು ನಿಂತು, ಇಲ್ಲಿ ಕುಳಿತವರ ಒಡವೆಗಳನ್ನು ನೋಡಿ ಹಿಂದುಸ್ಥಾನವು ಹೀಗಿದೆಯೆಂದು ತಿಳಿಯಬೇಡಿರಿ, ನಿಜವಾದ ಪ್ರಜೆಗಳು ಹಳ್ಳಿಗಳಲ್ಲಿದ್ದಾರೆ, ಅವರಿಗೆ ವಿದ್ಯೆಯಿಲ್ಲ ಎಂಬುದನ್ನು ತಾಯಿಗೆ ತಿಳಿಸಿರಿ ಎಂಬರ್ಥದ ಮಾತಾಡಿದರು. ಅದೇ ವರುಷದ ಮೇ 11ರಂದು ಮುಂಬಯಿಯಲ್ಲಿ ದುಡಿಯುವ ಜನರು ನೆರೆದು ಅವರನ್ನು ಸತ್ಕರಿಸಿ ‘ಮಹಾತ್ಮಾ’ ಎಂಬ ಬಿರುದನ್ನಿತ್ತರು. ಇಂದು ಮಂಡಯಿಯ ಗೋಡೆಯ ಮೇಲಿರುವ ಎರಡು ಮಾತುಗಳಲ್ಲಿ ಮೊದಲನೆಯದು ಅಂದು ಬಂದುದು. ಗಾಂಧಿಯವರು ಆಗ ಇನ್ನೂ ಹದಿನೆಂಟು ವರುಷದ ತರುಣರು. ಕೆಲವು ತಿಂಗಳಿಗೆ ಫುಲೆಯವರಿಗೆ ಅರ್ಧಾಂಗವಾಯು ಬಡಿದು ಬಲಗೈ ಬಿದ್ದುಹೋಯಿತು. ಕೊನೆಯ ಪುಸ್ತಕವನ್ನು ಎಡಗೈಯಿಂದ ಬರೆದು 1890ರ ನವಂಬರ 28ರಂದು ತೀರಿಕೊಂಡರು. ಪೇಟೆಗೆ ಆಗ ಇನ್ನೂ ರೇ ಸಾಹೇಬರ ಹೆಸರೇ.

ಮುಂದೆ ಪೇಟೆಯ ಅಂಗಳದಲ್ಲಿ ಬೇರೊಬ್ಬ ಮಹಾಪುರುಷರು ಬಂದು ನಿಂತರು. 1924ರಲ್ಲಿ ಲೋಕಮಾನ್ಯ ತಿಲಕರ ಪ್ರತಿಮೆಯನ್ನು ಅಲ್ಲಿ ಸ್ಥಾಪಿಸಿದರು. ಪಂಡಿತ ಮೋತಿಲಾಲ ನೇಹರೂರವರು ಅದರ ಅನಾವರಣ ಮಾಡಿದರು. ಮರುವರುಷ ಫುಲೆಯವರ ಪ್ರತಿಮೆಯೊಂದು ಪುಣೆಯಲ್ಲಿರಲಿ ಎಂಬ ಸೂಚನೆಯು ಮುನಿಸಿಪಾಲಿಟಿಯ ಮುಂದೆ ಬಂದು ಬಿದ್ದುಹೋಯಿತು. ಅದರಿಂದೆದ್ದ ಕಾವು ಚಿಕ್ಕದಲ್ಲ. ಕೇಶವರಾವ ಜೇಧೆ, ದಿನಕರರಾವ ಜವಳಕರ ಮೊದಲಾದ ತರುಣರು ‘ದೇಶಾಚೇ ದುಷ್ಮನ್’ ಎಂಬ ಕಟುವಾದ ಪುಸ್ತಿಕೆಯನ್ನು ಹೊರಡಿಸಿದರು. ಅದರ ಮೇಲೆ ಖಟ್ಲೆಯಾಯಿತು. ಆರೋಪಿಗಳ ಪರವಾಗಿ ಡಾ. ಅಂಬೇಡಕರರು ವಾದಿಸಿದರು. ಆ ಪುಸ್ತಿಕೆಯ ಭಾಷೆ ಎಲ್ಲರೂ ಮೆಚ್ಚುವಂಥದಲ್ಲ. ಆದರೆ ಒಬ್ಬರಿಗೆ ಪ್ರತಿಮೆ, ಇನ್ನೊಬ್ಬರಿಗೆ ಇಲ್ಲ ಎಂದಾಗ ಜನರ ಮನಸ್ಸು ಎಷ್ಟು ನೋಯುವುದೆಂಬುದಕ್ಕೆ ಅದು ಸಾಕ್ಷಿ.

ಆ ಜಗಳವನ್ನು ಕೇಳಿದವರಿಗೆ ತಿಲಕರೂ ಫುಲೆಯವರೂ ಬಾಳಿನುದ್ದಕ್ಕೂ ವೈರಿಗಳಾಗಿದ್ದರೆಂದು ತೋರುವುದು. ಮತಭೇದವೇನೋ ಆಳವಾಗಿದ್ದಿತು. ಆದರೆ 1882ರಲ್ಲಿ ಕೊಲ್ಹಾಪುರದ ದಿವಾನರ ಮಾನಹಾನಿಯ ಖಟ್ಲೆಯಲ್ಲಿ ತರುಣ ತಿಲಕರೂ ಆಗರಕರರೂ ಸಿಲುಕಿದಾಗ ಹತ್ತು ಸಾವಿರ ರೂಪಾಯಿಯ ಜಾಮೀನಿಗೆ ಏರ್ಪಾಡು ಮಾಡಿದವರು ಫುಲೆಯವರು. ಅವರ ಮಿತ್ರರಾದ ರಾಮಶೇಟ ಉರವಣೆಯವರು ಆ ಜಾಮೀನು ಕೊಟ್ಟರು. ಶಿಕ್ಷೆ ಮುಗಿದು ಡೋಂಗರಿಯ ಸೆರೆಮನೆಯಿಂದ ಅವರಿಬ್ಬರೂ ಹೊರಬಂದಾಗ ಸತ್ಯಶೋಧಕರು ಅವರನ್ನು ಹೂಮಾಲೆಯಿಂದ ಎದುರುಗೊಂಡರು. ಇಂದು ಮಂಡಯಿಯ ಮುಂದೆ ನಿಂತರೆ ತಿಲಕರ ಪ್ರತಿಮೆಯೂ ಕಾಣುವುದು, ಫುಲೆಯವರ ಹೆಸರೂ ಕಾಣುವುದು. ಹಳೆಯ ಜಾಮೀನಿನ ಮಾತು ಎಲ್ಲಿಯೂ ಬರೆದಿಲ್ಲ.

ಹೆಸರು ಬದಲಾದುದು ಹೀಗೆ. ಮರಾಠಿಯ ಸುಪ್ರಸಿದ್ಧ ನಾಟಕಕಾರರೂ ವಾಗ್ಮಿಗಳೂ ಆದ ಆಚ್ಯಾರ್ಯ ಪ್ರಲ್ಹಾದ ಕೇಶವ ಅತ್ರೆಯವರು 1938ರಲ್ಲಿ ಪುಣೆಯ ಮುನಿಸಿಪಾಲಿಟಿಗೆ ಆಯ್ಕೆಯಾದರು. ಸಭೆಯನ್ನು ನಗಿಸುವುದರಲ್ಲಿ ಅವರಿಗೆ ಸಮಾನರಿಲ್ಲ. ಬದಲಾಯಿಸಬೇಕೆಂದುದನ್ನು ಬದಲಾಯಿಸಿಯೇ ಬಿಡುವುದರಲ್ಲಿಯೂ ಹಾಗೆಯೇ. ಭಾಂಬುರ್ಡೆ ಎಂಬ ಭಾಗಕ್ಕೆ ಶಿವಾಜಿನಗರವೆಂಬ ಹೆಸರು ಅವರ ಯತ್ನದಿಂದ ಬಂದಿತು. ರೇ ಮಾರ್ಕೆಟ್ಟಿಗೆ ಮಹಾತ್ಮಾ ಫುಲೆಯವರ ಹೆಸರು ಬಂದುದೂ ಅವರಿಂದಲೇ. ಪ್ರತಿಮೆಯನ್ನು ನಿರಾಕರಿಸಿದ ಸಭೆಯೇ ಹದಿನೈದು ವರುಷ ಕಳೆಯುವಷ್ಟರಲ್ಲಿ ಊರಿನ ನಡುವಣ ದೊಡ್ಡ ಕಟ್ಟಡವನ್ನೇ ಅವರ ಹೆಸರಿಗೆ ಬರೆದುಕೊಟ್ಟಿತು. ಅತ್ರೆಯವರು ಅಷ್ಟಕ್ಕೆ ಬಿಡಲಿಲ್ಲ. 1954ರಲ್ಲಿ ‘ಮಹಾತ್ಮಾ ಫುಲೆ’ ಎಂಬ ಚಲಚ್ಚಿತ್ರವನ್ನು ತೆಗೆದರು. ಅದಕ್ಕೆ ರಾಷ್ಟ್ರಪತಿಗಳ ಬೆಳ್ಳಿಯ ಪದಕ ದೊರೆಯಿತು.

ಈ ನಾಮಕರಣವು ತಕ್ಕುದೋ ಅಲ್ಲವೋ ಎಂದು ಕೇಳಿದರೆ ತಕ್ಕುದೆಂದೇ ಹೇಳಬೇಕು. ಬೆಳೆಗಾರರ ಕುಲದಲ್ಲಿ ಹುಟ್ಟಿ ಬೆಳೆಗಾರರಿಗಾಗಿ ಸವೆದವರ ಹೆಸರು ಬೆಳೆಗಾರರ ಪೇಟೆಗೆ ಒಪ್ಪದೆ ಮತ್ತಾವುದಕ್ಕೆ ಒಪ್ಪಬೇಕು? ಸಂತೆಯಲ್ಲಿ ಬುಟ್ಟಿಯಿಳಿಸುವ ಹೆಂಗಸು ದಿನಕ್ಕೆ ಹತ್ತು ಸಲ ಆ ಹೆಸರನ್ನು ಉಚ್ಚರಿಸುತ್ತಾಳೆ. ಯಾವ ಪ್ರತಿಮೆಗೂ ಇಷ್ಟು ಭಾಗ್ಯವಿಲ್ಲ. 2024ರಲ್ಲಿ ಪುಣೆಯ ನೆಲದಡಿಯ ಮೆಟ್ರೋ ರೈಲಿನ ಹೊಸ ಭಾಗವು ತೆರೆದಾಗ ಆ ಪೇಟೆಯ ಬಳಿಯ ನಿಲ್ದಾಣಕ್ಕೂ ಮಂಡಯಿಯ ಹೆಸರೇ ಬಂದಿತು. ದೋಷವಿರುವುದು ಹೆಸರಿನಲ್ಲಿ ಅಲ್ಲ. ಗೋಡೆಯ ಮೇಲಣ ಹೆಸರು ಕಟ್ಟಡವನ್ನೂ ಮನುಷ್ಯನನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವುದರಿಂದ ಓದಿದವನು ಇವರೇ ಇದನ್ನು ಕಟ್ಟಿಸಿದರೆಂದು ತಿಳಿದು ಕೈಮುಗಿದು ಹೋಗುತ್ತಾನೆ. ಅವರು ಏನನ್ನು ಕೇಳಿದ್ದರೋ ಅದು ಅಲ್ಲಿ ಬರೆದಿಲ್ಲ. ಅದು ಅವರು ಕಾಲವಾಗಿ ಬಹುಕಾಲದವರೆಗೆ ಇಡೀ ದೇಶದಲ್ಲಿ ಈಡೇರಲೂ ಇಲ್ಲ. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ತಂದ ಕಡ್ಡಾಯ ಶಿಕ್ಷಣದ ಮಸೂದೆಯನ್ನು ಸರಕಾರವು ತಳ್ಳಿಹಾಕಿತು. ಆರರಿಂದ ಹದಿನಾಲ್ಕು ವರುಷದ ಮಕ್ಕಳಿಗೆ ವಿದ್ಯೆಯು ಹಕ್ಕೆಂಬ ಕಾಯಿದೆ ಜಾರಿಗೆ ಬಂದುದು 2010ರ ಏಪ್ರಿಲ 1ರಂದು. ಹಂಟರ್ ಕಮಿಷನ್ನಿಗೆ ಕೊಟ್ಟ ಮನವಿಗೂ ಇದಕ್ಕೂ ನಡುವೆ ನೂರಾ ಇಪ್ಪತ್ತೇಳು ವರುಷಗಳು.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸಬೇಕಾಗಿದೆ. ಮಂಡಯಿಯಿಂದ ಬುಧವಾರ ಪೇಟೆಯ ಭಿಡೆವಾಡಕ್ಕೆ ಕಾಲುನಡಗೆಯಲ್ಲಿ ಕೆಲವೇ ನಿಮಿಷಗಳ ದಾರಿ; ದಗಡೂಶೇಟ ಗಣಪತಿಯ ಗುಡಿಯ ಎದುರಿಗೆ. ತಾತ್ಯಾಸಾಹೇಬ ಭಿಡೆ ಎಂಬ ಬ್ರಾಹ್ಮಣ ಗೃಹಸ್ಥರು ಆ ಮನೆಯಲ್ಲಿ ಸ್ಥಳಕೊಟ್ಟರು. 1848ರಲ್ಲಿ ಫುಲೆಯವರು ಅಲ್ಲಿ ಹುಡುಗಿಯರ ಶಾಲೆಯನ್ನು ತೆರೆದರು. ಆಗ ಅವರಿಗೆ ಇಪ್ಪತ್ತೊಂದು ವರುಷ. ಕಲಿಸಲು ನಿಂತವರು ಹದಿನೇಳು ವರುಷದ ಅವರ ಪತ್ನಿ ಸಾವಿತ್ರಿಬಾಯಿಯವರು. ಅವರಿಗೆ ಅಕ್ಷರ ಕಲಿಸಿದವರು ಪತಿಯೇ. ಈ ಕೆಲಸಕ್ಕಾಗಿ ದಂಪತಿಗಳು ತಂದೆಯ ಮನೆಯನ್ನು ಬಿಡಬೇಕಾಯಿತು. ಪತಿಯು ತೀರಿಕೊಂಡ ಮೇಲೆಯೂ ಸಾವಿತ್ರಿಬಾಯಿಯವರು ಕೆಲಸ ಬಿಡಲಿಲ್ಲ. 1897ರ ಪ್ಲೇಗಿನಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತ ಅದೇ ರೋಗ ತಗಲಿ ಮಾರ್ಚಿ 10ರಂದು ಕಾಲವಾದರು.

ಬೇಡವೆಂದ ಕಟ್ಟಡವು ಕಲ್ಲಿನದಾದುದರಿಂದ ನಿಂತಿರುವುದು. ಬೇಕೆಂದು ತೆರೆದ ಶಾಲೆಯ ಮನೆಯು ಇಟ್ಟಿಗೆ ಮರಗಳದು; ಅದು ಅಂಗಡಿಗಳ ಕೈಗೆ ಹೋಗಿ, ಬಹುವರುಷ ಖಟ್ಲೆಗಳಲ್ಲಿ ಸಿಲುಕಿ, ಮಾಡು ಕುಸಿದು ಗೋಡೆ ಬಿರಿದು ಹಾಳಾಯಿತು. 2023ರ ಡಿಸೆಂಬರದಲ್ಲಿ ಪುಣೆಯ ಮಹಾನಗರಪಾಲಿಕೆಯು ನ್ಯಾಯಾಲಯದ ತೀರ್ಪಿನ ಮೇಲೆ ಆ ಸ್ಥಳವನ್ನು ವಶಕ್ಕೆ ತೆಗೆದುಕೊಂಡು ಒಂದು ರಾತ್ರಿ ಉಳಿದುದನ್ನು ಕೆಡವಿತು. ಅಲ್ಲಿ ಸ್ಮಾರಕವನ್ನು ಕಟ್ಟಬೇಕೆಂದು ನಿಶ್ಚಯಿಸಲಾಯಿತು. ಅದರ ಗೋಡೆಯ ಮೇಲೆ ಏನನ್ನು ಬರೆಯಿಸಬೇಕೆಂಬುದು ಪುಣೆಯವರಿಗೆ ಸೇರಿದ ವಿಚಾರ.